ಖಾಲಿ ಬಾರದ ರೊಟ್ಟಿ ಬುಟ್ಟಿ

ವಾಸನೆ ಮೊದಲು ಬಂದದ್ದು ಭೀಮಬಾಯಿಗೆ. ಎಳ್ಳ ಅಮಾವಾಸ್ಯೆಗೆ ಇನ್ನೆರಡೇ ದಿನ ಇತ್ತು. ಜೇವರ್ಗಿಯ ನಮ್ಮ ರೊಟ್ಟಿ ಕೇಂದ್ರದಲ್ಲಿ ಒಲೆಗಳಿಗೆ ಬಿಡುವೇ ಇರಲಿಲ್ಲ. ನಮ್ಮಲ್ಲಿ ಕೆಲಸಕ್ಕಿದ್ದ ಆಕೆ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಮೂಗು ಮೇಲೆತ್ತಿದಳು.

"ಅಕ್ಕಾ, ಏನೋ ಸುಡಾಕತ್ತದ ನೋಡ್ರಿ."

"ರೊಟ್ಟಿ ಅಂಗಡ್ಯಾಗ ರೊಟ್ಟಿ ಸುಡದ ಮತ್ತೇನು ಸುಡ್ತದ ಬೇ?" ಎಂದು ನಾನು ನಕ್ಕೆ.

"ರೊಟ್ಟಿ ಅಲ್ರಿ ಅಕ್ಕಾ! ನಿಮ್ಮ ಬೆರಳು!"

ನೋಡಿದರೆ ನನ್ನ ಬಲಗೈಯ ತೋರುಬೆರಳು ಹಂಚಿನ ಅಂಚಿಗೆ ಒತ್ತಿಕೊಂಡು ಕೂತಿತ್ತು. ಚರ್ಮ ಬೆಳ್ಳಗಾಗಿ ಮುದುರಿತ್ತು. ನನಗೆ ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಬೇರೆ ಯಾರದೋ ಬೆರಳನ್ನು ನೋಡುತ್ತಿದ್ದೇನೆ ಅನಿಸಿತು. ಭೀಮಬಾಯಿ ನನ್ನ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ ಹಿಡಿದು ಗಳಗಳ ಅತ್ತಳು. ಸುಟ್ಟುಕೊಂಡ ನಾನೇ ಅವಳಿಗೆ ಸಮಾಧಾನ ಹೇಳಿದೆ.

ಇದನ್ನೆಲ್ಲ ಬರೆಯಲು ಕೂತಿರುವುದು ಯಾರಿಗೋ ಬುದ್ಧಿ ಹೇಳಲಿಕ್ಕಲ್ಲ. ಬುದ್ಧಿ ಹೇಳುವಷ್ಟು ಬುದ್ಧಿವಂತೆ ನಾನಲ್ಲ ಎನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ. ಆದರೆ ದವಾಖಾನೆಯ ಬೆಂಚುಗಳ ಮೇಲೆ, ಸೀರೆ ಅಂಚಿನ ಕೆಳಗೆ ಕಾಲು ಮುಚ್ಚಿಕೊಂಡು, ಯಾರೊಂದಿಗೂ ಮಾತಾಡದೆ ಕೂತ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅವರ ಪಕ್ಕದಲ್ಲಿ ಹೋಗಿ ಕೂತು, "ನನಗೂ ಹಿಂಗೇ ಆಗಿತ್ತು ಬೇ, ಕೇಳು" ಎಂದು ಹೇಳುವ ಹಂಬಲ ತಡೆಯಲಾಗುತ್ತಿಲ್ಲ.

ನನ್ನ ಬೆರಳುಗಳ ಬಗ್ಗೆ ನನಗೆ ಸೊಕ್ಕಿತ್ತು, ಸುಳ್ಳು ಯಾಕೆ ಹೇಳಲಿ. ಮದುವೆಯಾಗಿ ಜೇವರ್ಗಿಗೆ ಬಂದ ಮೇಲೆ ಮನೆಯ ಮುಂಚಾವಡಿಯಲ್ಲಿ ಒಂದು ಒಲೆ ಹೂಡಿ ಶುರುಮಾಡಿದ ಕೆಲಸ ಇದು. ಸುತ್ತಲಿನ ಊರುಗಳಲ್ಲಿ ಮದುವೆ, ಮನೆಶಾಂತಿ, ಸೀಮಂತ ಏನೇ ಇರಲಿ, ಕಡಕ್ ರೊಟ್ಟಿಗೆ ನಮ್ಮಲ್ಲಿಗೇ ಬರುತ್ತಾರೆ. ನಾನು ಯಾವತ್ತೂ ಚಿಮಟ ಹಿಡಿದವಳಲ್ಲ. ಕಾದ ಹಂಚಿನ ಮೇಲಿಂದ ರೊಟ್ಟಿಯನ್ನು ಬೆರಳಲ್ಲೇ ಎತ್ತಿ, ತಿರುವಿ, ಕೆಂಡಕ್ಕೆ ಆನಿಸಿ ತೆಗೆಯುತ್ತಿದ್ದೆ. ಎರಡು ವರ್ಷದಿಂದ ಆ ಕೈಚಳಕ ಇನ್ನೂ ಹೆಚ್ಚಾಗಿತ್ತು. ಉಳಿದವರು ಬೆರಳು ಊದಿಕೊಳ್ಳುವಷ್ಟು ಬಿಸಿಯಲ್ಲೂ ನನ್ನ ಕೈ ಹಿಂದೆ ಸರಿಯುತ್ತಿರಲಿಲ್ಲ. "ಶರಣಮ್ಮನ ಕೈಗೆ ಬೆಂಕಿನೂ ಅಂಜ್ತದ" ಎಂದು ಗಿರಾಕಿಗಳು ನಿಂತು ನೋಡುತ್ತಿದ್ದರು. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಕೂಡ ಮಾಡಿಕೊಂಡು ಹೋದರು. ಬೆರಳಲ್ಲಿ ಜೀವ ಆರುತ್ತಿದ್ದುದನ್ನು ನಾವೆಲ್ಲ ಸೇರಿ ಕಸುಬಿನ ಹೆಚ್ಚುಗಾರಿಕೆ ಎಂದು ಮೆರೆಸಿದೆವು.

ಇನ್ನೊಂದು ತಮಾಷೆ ಕೇಳಿ. ದಿನವಿಡೀ ರೊಟ್ಟಿ ಬಡಿಯುವವರಿಗೆ ರೊಟ್ಟಿ ತಿನ್ನಲು ಮನಸ್ಸಾಗುವುದಿಲ್ಲ. ಹಿಟ್ಟಿನ ವಾಸನೆಗೇ ಹೊಟ್ಟೆ ತುಂಬಿರುತ್ತದೆ. ನಾನು ಮಧ್ಯಾಹ್ನ ಅನ್ನ ಕಲಸಿ ತಿಂದು, ಮೂರು ತಾಸಿಗೊಮ್ಮೆ ಸಕ್ಕರೆ ಸುರಿದ ಚಹಾ ಕುಡಿಯುತ್ತಿದ್ದೆ. ಶುಗರ್ ಇದ್ದವರು ಜೋಳದ ರೊಟ್ಟಿ ಬೇಕೆಂದು ನನ್ನ ಬಾಗಿಲಿಗೆ ಬರುತ್ತಿದ್ದರು. ಅವರಿಗೆ ರೊಟ್ಟಿ ಕಟ್ಟಿಕೊಟ್ಟು ನಾನು ಚಹಾದಲ್ಲಿ ಬ್ರೆಡ್ ಅದ್ದಿಕೊಳ್ಳುತ್ತಿದ್ದೆ.

ಹಬ್ಬ ಮುಗಿದ ಮರುದಿನ ನಮ್ಮ ಮನೆಯವರು ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದರು. ಅವರದು ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರುಗಳ ಜೊತೆ ಬದುಕಿದ ಮನುಷ್ಯ, ಮಾತು ಕಡಿಮೆ. ಬಸ್ಸಿನಲ್ಲಿ ನನ್ನ ಕಟ್ಟುಹಾಕಿದ ಬೆರಳನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು, ಹೇಳಿದ್ದು ಒಂದೇ ಮಾತು: "ನಿನ್ನ ವೈಂಡಿಂಗೇ ಹೋಗ್ಯದ ಅನಸ್ತದ." ನಗು ಬಂತು. ನಕ್ಕ ಮೇಲೆ ಹೆದರಿಕೆಯಾಯಿತು.

ದವಾಖಾನೆಯಲ್ಲಿ ರಕ್ತ ಕೊಟ್ಟು, ತಿಂದು, ಮತ್ತೆ ಕೊಟ್ಟು ಕಾಯುವುದೇ ಕೆಲಸ. ನನ್ನ ಪಕ್ಕದಲ್ಲಿ ಅಫಜಲಪುರದ ಕಡೆಯ ಒಬ್ಬ ಮುದುಕಿ ಕೂತಿದ್ದಳು. ತನ್ನ ಎಡಗಾಲನ್ನು ಮುಚ್ಚದೆ ಮುಂದೆ ಚಾಚಿದ್ದಳು. ಎರಡು ಬೆರಳಿರಲಿಲ್ಲ. ನಾನು ಕದ್ದು ನೋಡುವುದನ್ನು ಕಂಡು ಅವಳೇ ಶುರುಮಾಡಿದಳು.

"ನೋಡು ಬೇ ತಂಗಿ, ಛಂದಾಗಿ ನೋಡು. ಇವು ಸಿಹಿಗೆ ಹೋಗಿಲ್ಲ, ಸುಳ್ಳಿಗೆ ಹೋದವು. ಡಾಕ್ಟರ ಕೇಳಿದಾಗೆಲ್ಲ ನಾ ಏನೂ ತಿಂದಿಲ್ರಿ ಅಂತಿದ್ದೆ."

"ಖರೇ ಹೇಳಬೇಕಿತ್ತಲ್ಲ ಆಯೀ?"

"ತಿಂದದ್ದು ನೆನಪಿದ್ರಲ್ಲ ಹೇಳಾದು!" ಎಂದು ನಕ್ಕು, ಸೆರಗಿನ ಗಂಟಿನಿಂದ ನಾಲ್ಕು ಹುರಿದ ಕಡಲೆ ತೆಗೆದು ನನ್ನ ಕೈಗೆ ಹಾಕಿದಳು. ಆ ನಗು ಆ ದಿನ ನನ್ನನ್ನು ಹಿಡಿದು ನಿಲ್ಲಿಸಿತು. ಆ ಮಾತು ಮಾತ್ರ ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು.

ಡಾಕ್ಟರು ರಕ್ತದ ಕಾಗದ ನೋಡಿದರು, ಎದೆಯ ಇ.ಸಿ.ಜಿ. ಕಾಗದ ನೋಡಿದರು, ಮತ್ತೆ ಎದೆಯ ಕಾಗದವನ್ನೇ ನೋಡಿದರು.

"ಅಮ್ಮಾ, ಹಿಂದ ಯಾವಾಗರೆ ಎದಿನೋವು ಬಂದಿತ್ತೇನ್ರಿ?"

"ಇಲ್ರಿ. ಒಂದಿನ ಭಾಳ ಬೆವರು ಬಂದಿತ್ತು. ಒಲಿ ಮುಂದ ಕೂತವರಿಗೆ ಬೆವರು ಬರೋದೇ ಅಲ್ರಿ ಅಂತ ಸುಮ್ನಾದೆ."

"ಅವತ್ತೇ ನಿಮ್ಮ ಹೃದಯಕ್ಕ ಪೆಟ್ಟು ಬಿದ್ದಿರಬೇಕು. ಸಕ್ಕರಿ ಕಾಯಿಲಿಗೆ ನಿಮ್ಮ ನರ ಸತ್ತಾವ. ಬೆರಳಿಗೆ ಹೆಂಗ ಉರಿ ಗೊತ್ತಾಗ್ಲಿಲ್ಲ, ಹಂಗ ಎದಿ ನೋವೂ ಗೊತ್ತಾಗಿಲ್ರಿ."

ನಮ್ಮ ಮನೆಯವರು ಕುರ್ಚಿಯಿಂದ ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಬೇವಿನ ಮರಕ್ಕೆ ಕೈಯಾನಿಸಿ ನಿಂತಿದ್ದರು. ನನಗೆ ಆಗ ಅಳು ಬಂತು, ನನಗಾಗಿ ಅಲ್ಲ, ಆ ಬೆನ್ನು ನೋಡಿ.

ಕೈಗೆ ಸ್ಪರ್ಶ ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ. "ಸಕ್ಕರಿ ಹಿಡಿತಕ್ಕ ಬಂದ್ರ ಕೆಲವರಿಗೆ ಸ್ವಲ್ಪ ಬರ್ತದ, ಕೆಲವರಿಗೆ ಬರಂಗಿಲ್ಲ. ನಾ ಖಾತ್ರಿ ಕೊಡಂಗಿಲ್ರಿ. ರೊಟ್ಟಿ ಬಡೀರಿ, ಅಡ್ಡಿಯಿಲ್ಲ. ಆದ್ರ ಹಂಚಿನ ಹತ್ರ ಕೈ ಒಯ್ಯಬ್ಯಾಡ್ರಿ. ಇನ್ನೊಮ್ಮೆ ಸುಟ್ಟು ಗಾಯ ಮಾಯಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ." ಗುಳಿಗೆ ಬರೆದರು, ದಿನಾ ನಡೆಯಿರಿ ಎಂದರು, ನಾರಿನಂಶ ಇರುವ ಊಟ ಮಾಡಿರಿ ಎಂದರು: ಜೋಳ, ಕಾಳು, ಸೊಪ್ಪು. ಜೋಳದ ನಾಡಿನ ರೊಟ್ಟಿಯವಳಿಗೆ ಡಾಕ್ಟರು ಚೀಟಿಯಲ್ಲಿ ಜೋಳದ ರೊಟ್ಟಿ ಬರೆದುಕೊಟ್ಟರು!

ಹಂಚು ಭೀಮಬಾಯಿಗೆ ಹೋಯಿತು. ನಾನು ಬಡಿಯುವುದು, ಅವಳು ಸುಡುವುದು. ಅವಳು ರೊಟ್ಟಿ ತಿರುವುವಾಗ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು, ಅವಳು ಚಿಮಟದಿಂದ ಮೊಣಕೈಗೆ ಮೆಲ್ಲಗೆ ಏಟು ಕೊಡುತ್ತಿದ್ದಳು. ಬೆರಳಿನ ಮಾನ ಬೆಂಕಿಯ ಮುಂದೆಯೇ ಇದೆ ಎಂದು ನಂಬಿದವಳಿಗೆ ಇದು ಸಣ್ಣ ಶಿಕ್ಷೆಯಲ್ಲ. ನನ್ನ ಹಂಚು ನನಗೆ ಬೇಕಿತ್ತು. ಬೇಕೇ ಬೇಕಿತ್ತು.

ಹಾಗಾಗಿ ಮೈಮೇಲೆ ಬಂದವಳಂತೆ ಔಷಧಿಗೆ ಬಿದ್ದೆ. ಬೆಳಗ್ಗೆ ಮೆಂತ್ಯೆ ನೆನೆಸಿದ ನೀರು, ಕಾಳನ್ನೂ ಅಗಿದು ನುಂಗುವುದು. ಮಧ್ಯಾಹ್ನ ಹಾಗಲಕಾಯಿ. ರೊಟ್ಟಿಗೆ ಅಗಸಿ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಮಡಕಿ ಕಾಳು ಮೊಳಕೆ ಕಟ್ಟಿದ ಬಟ್ಟೆಗಳು ಅಡುಗೆಮನೆಯ ಗೂಟಕ್ಕೆಲ್ಲ ನೇತಾಡುತ್ತಿದ್ದವು. ಸಾಲದ್ದಕ್ಕೆ ನನ್ನ ತವರು ನಿಂಬರ್ಗಾದಿಂದ ನಾಗಮ್ಮ ಆಯಿ ಒಂದು ಪುಡಿ ಕಳಿಸಿದ್ದಳು. ಆಕೆ ನನ್ನ ತಾಯಿಯ ಚಿಕ್ಕಮ್ಮ, ಊರಿಗೆಲ್ಲ ಗಿಡಮೂಲಿಕೆ ಕೊಡುವವಳು. ನೇರಳೆ ಬೀಜ, ಒಣಗಿಸಿದ ಹಾಗಲ, ಅಮೃತಬಳ್ಳಿ ಸೇರಿಸಿ ಕುಟ್ಟಿದ ಪುಡಿ ಅದು. ಕಹಿಯೆಂದರೆ ಕಿವಿಯವರೆಗೂ ಕಹಿ. ಇಷ್ಟು ಕಹಿ ಇದ್ದ ಮೇಲೆ ಕೆಲಸ ಮಾಡಲೇಬೇಕು ಎನ್ನುವ ಉತ್ಸಾಹ ನನ್ನದು. ಆ ಉತ್ಸಾಹದಲ್ಲಿ ಗುಳಿಗೆಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎಂಟು ದಿನ ಕಳೆದು ನಿಂಬರ್ಗಾಕ್ಕೆ ಹೋದೆ. ತೊಗರಿ ರಾಶಿ ಮುಗಿದು ಹೊಲಗಳು ಬೋಳಾಗಿದ್ದವು. ಆಯಿ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ನಾನು ದೊಡ್ಡ ಸುದ್ದಿ ತಂದವಳ ಹಾಗೆ ಹೇಳಿದೆ: "ಆಯೀ, ಗುಳಗಿ ಬಿಟ್ಟೇನಿ. ಬರೀ ನಿನ್ನ ಪುಡಿ ಮ್ಯಾಲೇ ಇದ್ದೇನಿ."

ಅವಳು ಹೊಗಳುತ್ತಾಳೆ ಅಂದುಕೊಂಡಿದ್ದೆ. ಅವಳು ಎಲೆಯಡಿಕೆ ಚೀಲದ ಒಳಗಿನ ಪದರಕ್ಕೆ ಕೈ ಹಾಕಿ, ಸುಣ್ಣದ ಡಬ್ಬಿಯ ಹಿಂದಿನಿಂದ ಎರಡು ಗುಳಿಗೆ ಪಟ್ಟಿ ತೆಗೆದು ನನ್ನ ಉಡಿಗೆ ಒಗೆದಳು.

"ಇದು ಬಿ.ಪಿ.ದು. ಇದು ಸಕ್ಕರಿದು. ಆಳಂದ ದವಾಖಾನಿವು."

"ನೀನೂ ಗುಳಗಿ ತಗೋತಿ ಏನು?"

"ಮತ್ತ? ಗುಳಗಿ ಬಿಟ್ಟು ಬರೀ ತಪ್ಪಲ ಮೇಯಾಕ ನಾ ಏನು ಆಡೇನು? ನನ್ನ ಪುಡಿ ಗುಳಗಿ ಸಂಗಾಟ ಅದ ಬೇ, ಗುಳಗಿ ಬದಲಿ ಅಲ್ಲ. ಅದೂ ಡಾಕ್ಟರಿಗೆ ತೋರ್ಸಿ, ಅವರು ಹೂಂ ಅಂದ್ರ ಅಷ್ಟೇ. ಎದಿಗೆ ಪೆಟ್ಟು ತಿಂದಾಕಿ, ನಿನಗ ತಲಿ ಎಲ್ಲ್ಯದ?"

ಮನೆಯವರ ಕಣ್ಣಿಗೆ ಬೀಳದಿರಲೆಂದು ಚೀಲದಲ್ಲೇ ಇಟ್ಟುಕೊಂಡಿದ್ದ ನನ್ನ ಡಬ್ಬಿ ತೆಗೆಸಿ, ಕಟ್ಟೆಯ ಮೇಲೆ ಕೂರಿಸಿ ನೀರು ತರಿಸಿ ನನ್ನ ಗುಳಿಗೆ ನುಂಗಿಸಿಯೇ ಬಿಟ್ಟಳು. ಐವತ್ತು ದಾಟಿದ ನನ್ನನ್ನು ಬಾಯಿ ತೆರೆಸಿ ನೋಡಿದಳು, ನುಂಗಿದೆನೋ ಇಲ್ಲವೋ ಎಂದು. ಆಮೇಲೆ ಪುಡಿಯನ್ನು ಡಾಕ್ಟರಿಗೆ ತೋರಿಸಿದೆ. ಗುಳಿಗೆಯ ಜೊತೆ ಇದೂ ಸೇರಿದರೆ ಸಕ್ಕರೆ ಒಮ್ಮೆಗೇ ಇಳಿದುಬಿಡಬಹುದು, ಪುಡಿ ಬೇಡ, ಮೆಂತ್ಯೆ ಕಾಳು ಊಟದಲ್ಲಿ ಇರಲಿ ಎಂದರು. ಆಯಿಗೆ ಹೇಳಿದರೆ, "ಶ್ಯಾಣ್ಯಾ ಡಾಕ್ಟರ ಅದಾನ" ಎಂದಳು.

ಮೂರು ತಿಂಗಳಾಯಿತು. ಆಯಿ ಬೈದಂದಿನಿಂದ ಗುಳಿಗೆ ತಪ್ಪಿಸಿರಲಿಲ್ಲ, ಚಹಾದ ಸಕ್ಕರೆ ಬಿಟ್ಟಿದ್ದೆ, ಅನ್ನ ಮುಟ್ಟಿರಲಿಲ್ಲ. ಕುಣಿಯುತ್ತಲೇ ಕಲಬುರಗಿಗೆ ಹೋದೆ. ಬೇಸಿಗೆಯಲ್ಲಿ ಮೋಟಾರುಗಳ ಸುಗ್ಗಿ, ಮನೆಯವರಿಗೆ ಬಿಡುವಿರಲಿಲ್ಲ, ಹಾಗಾಗಿ ಜೊತೆಗೆ ಭೀಮಬಾಯಿ ಬಂದಿದ್ದಳು. ರಕ್ತದ ಕಾಗದ ನೋಡಿ ಡಾಕ್ಟರ ಮುಖ ಸಣ್ಣದಾಯಿತು. ಸಕ್ಕರೆ ಇಳಿದೇ ಇರಲಿಲ್ಲ.

"ಏನೇನು ತಿಂತೀರಿ, ಒಂದೂ ಬಿಡದ ಹೇಳ್ರಿ."

ನಾನು ಒಂದೂ ಬಿಡದೆ ಹೇಳಿದೆ. ಮೆಂತ್ಯೆ, ರೊಟ್ಟಿ, ಪಲ್ಯ, ಕಾಳು, ಮಜ್ಜಿಗೆ. ಪ್ರಮಾಣ ಮಾಡಿ ಹೇಳಿದೆ. ಡಾಕ್ಟರು ಇನ್ನೊಂದು ಗುಳಿಗೆ ಬರೆಯಲು ಪೆನ್ನು ಎತ್ತಿದರು. ಆಗ ಹಿಂದೆ ನಿಂತಿದ್ದ ಭೀಮಬಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು:

"ಸಾಹೇಬ್ರ, ಬುಟ್ಟಿದು ಹೇಳಿಲ್ರಿ ಅಕ್ಕ."

"ಯಾವ ಬುಟ್ಟಿ?"

ನಮ್ಮ ಕಡೆ ಒಂದು ರೂಢಿ. ರೊಟ್ಟಿ ತುಂಬಿ ಹೋದ ಬುಟ್ಟಿ ಖಾಲಿ ವಾಪಸು ಬರಬಾರದು. ಕಾರ್ಯ ಮುಗಿಸಿದ ಮನೆಯವರು ಬುಟ್ಟಿಯಲ್ಲಿ ಗೋಧಿ ಹುಗ್ಗಿ, ಹೋಳಿಗೆ, ಸಜ್ಜಕ, ಏನಾದರೂ ಸಿಹಿ ಇಟ್ಟೇ ಕಳಿಸುತ್ತಾರೆ. ನಮ್ಮ ಮನೆತನ ಶರಣರ ದಾರಿಯದು. ಲಿಂಗಪೂಜೆಯಾದ ಮನೆಯಿಂದ ಬಂದದ್ದು ಪ್ರಸಾದ. ಪ್ರಸಾದವನ್ನು ಬೇಡ ಅನ್ನುವ ಹಾಗಿಲ್ಲ, ತಾಟಿನಲ್ಲಿ ಬಿಡುವ ಹಾಗಿಲ್ಲ. ನಾನು ಹುಗ್ಗಿ ಮುಗಿಸಿ ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದೆ. ವಾರಕ್ಕೆ ಮೂರು ನಾಲ್ಕು ಬುಟ್ಟಿ. ಮದುವೆ ದಿನಗಳಲ್ಲಿ ದಿನಕ್ಕೆ ಎರಡು. ಆದರೂ ಡಾಕ್ಟರಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಗುರುವಿನಾಣೆ. ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದೇ ನನಗೆ ಹೊಳೆದಿರಲಿಲ್ಲ. ತಿಂದದ್ದು ನೆನಪಿದ್ದರಲ್ಲವೇ ಹೇಳುವುದು ಎಂದ ಆ ಅಫಜಲಪುರದ ಮುದುಕಿಯ ಕಾಲು ಕಣ್ಣ ಮುಂದೆ ಬಂತು.

ಬಸ್ಸಿನಲ್ಲಿ ಭೀಮಬಾಯಿಯ ಮೇಲೆ ಹರಿಹಾಯ್ದೆ. "ಪರರ ಮುಂದ ಪ್ರಸಾದಕ್ಕ ಕೆಟ್ಟ ಹೆಸರಿಟ್ಟಿ. ನಿಮ್ಮ ಮನ್ಯಾಗ ಈ ಪದ್ಧತಿ ಇಲ್ಲ, ನಿನಗೇನು ಗೊತ್ತು?"

ಅವಳದು ಬುದ್ಧನನ್ನು ನಂಬುವ ಮನೆ. ಆ ಮಾತು ನಾನು ಆಡಬಾರದಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಉತ್ತರ ಕೊಟ್ಟಳು.

"ಪ್ರಸಾದದ್ದು ನನಗ ಗೊತ್ತಿಲ್ರಿ ಅಕ್ಕಾ. ನಿಮ್ಮ ಬೆರಳು ಸುಟ್ಟ ವಾಸನಿ ಗೊತ್ತದ. ಅದನ್ನ ಇನ್ನೊಮ್ಮೆ ಮೂಸಂಗಿಲ್ಲ ನಾ."

ಎರಡು ದಿನ ಮಾತಿಲ್ಲದೆ ರೊಟ್ಟಿ ಮಾಡಿದೆವು. ಬಡಿಯುವ ಸದ್ದು ಮಾತ್ರ. ಮೂರನೆಯ ದಿನ ನಾಗಮ್ಮ ಆಯಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆಕೆ ತಡಮಾಡಲಿಲ್ಲ. "ಪ್ರಸಾದ ಅಂದ್ರ ಒಂದು ಅಗಳು. ಕಣ್ಣಿಗೊತ್ತಿಕೊಂಡು ನಾಲಿಗಿ ಮ್ಯಾಲ ಇಟ್ಕೋ, ಉಳದದ್ದು ಹಂಚು. ನೀ ತಾಟು ತುಂಬಾ ಹೊಡ್ಯಾಕತ್ತಿದ್ದು ಊಟ ಬೇ, ಊಟ! ಮೊದಲು ಆ ಹುಡುಗಿ ಕಾಲು ಹಿಡಿ ಹೋಗು." ಕಾಲು ಹಿಡಿಯಲು ಭೀಮಬಾಯಿ ಬಿಡಲಿಲ್ಲ. ಹಿಟ್ಟು ಹತ್ತಿದ ಕೈಯಲ್ಲೇ ಇಬ್ಬರೂ ತಬ್ಬಿಕೊಂಡೆವು.

ಮುಂದಿನ ಬುಟ್ಟಿ ಅಂದೋಲಾ ಎಂಬ ಊರಿಗೆ ಹೋಗುವುದಿತ್ತು. ಒಯ್ಯಲು ಬಂದ ಹೆಣ್ಣುಮಗಳಿಗೆ ನಾಚುತ್ತ ಹೇಳಿದೆ: "ಬುಟ್ಟಿ ಖಾಲಿ ಕಳಿಸಬ್ಯಾಡ್ರಿ. ಆದ್ರ ಸಿಹಿ ಬ್ಯಾಡ್ರಿ. ಹೊಲದಾಗ ಏನು ತಪ್ಪಲ ಇರ್ತದ, ಒಂದು ಹಿಡಿ ಹಾಕ್ರಿ. ನನಗ ಸಕ್ಕರಿ ಅದ, ಎದಿಗೂ ಪೆಟ್ಟಾಗ್ಯದ." ಬೀದಿಯಲ್ಲಿ ಮೊದಲ ಬಾರಿ ನನ್ನ ರೋಗದ ಹೆಸರು ಹೇಳಿದ್ದೆ. ಆಕೆ, "ನಮ್ಮತ್ತಿಗೂ ಅದೇ ಅದರಿ!" ಎಂದು ಒಲೆಯ ಪಕ್ಕ ಕೂತೇಬಿಟ್ಟಳು. ಎರಡು ದಿನ ಬಿಟ್ಟು ಬಂದ ಬುಟ್ಟಿಯಲ್ಲಿ ಮೆಂತ್ಯೆ ಸೊಪ್ಪು ಇತ್ತು, ಬೇರಿಗೆ ಮಣ್ಣು ಹಾಗೇ ಇತ್ತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಭೀಮಾ ನದಿ ದಂಡೆಯ ಸೊನ್ನದಿಂದ ಬಂದ ಬುಟ್ಟಿಯಲ್ಲಿ ಪುಂಡಿ ಸೊಪ್ಪು ಎಷ್ಟು ತುಂಬಿತ್ತೆಂದರೆ ಮೇಲೆ ಕಟ್ಟಿದ ಬಟ್ಟೆ ಬಿಚ್ಚಿಹೋಗಿತ್ತು. ಅಫಜಲಪುರದ ಮದುವೆ ಮನೆಯವರು ಹಾಗಲಕಾಯಿಗಳನ್ನು ಮಾಲೆ ಮಾಡಿ ಬುಟ್ಟಿಗೆ ತೊಡಿಸಿದ್ದರು. ರಾಜಗಿರಿ, ಹೆಸರುಕಾಳು, ಅಗಸಿ, ಚಳಿ ಬಂದ ಮೇಲೆ ಎಳೆಯ ಹಕ್ಕರಿಕಿ ಸೊಪ್ಪು, ಹಸಿಯಾಗಿಯೇ ರೊಟ್ಟಿಯ ಜೊತೆ ಕರುಕರು ಅಗಿಯುವಂಥದ್ದು. ಒಬ್ಬ ಪುಣ್ಯಾತ್ಗಿತ್ತಿ ಸೊಪ್ಪಿನ ಕೆಳಗೆ ಹುಗ್ಗಿ ಡಬ್ಬಿ ಬಚ್ಚಿಟ್ಟಿದ್ದಳು. ಒಂದು ಅಗಳು ಕಣ್ಣಿಗೊತ್ತಿಕೊಂಡು ನಾಲಿಗೆಗಿಟ್ಟೆ, ಉಳಿದದ್ದು ಭೀಮಬಾಯಿಯ ಮಕ್ಕಳ ಪಾಲಾಯಿತು.

ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸಾಣಿಸುವುದನ್ನೂ ನನ್ನ ಪಾಲಿನ ರೊಟ್ಟಿಗೆ ಬಿಟ್ಟೆ. ಇಷ್ಟು ವರ್ಷ ರೊಟ್ಟಿ ಬೆಳ್ಳಗೆ ಕಾಣಲೆಂದು ಹೊಟ್ಟನ್ನೆಲ್ಲ ತೆಗೆದು ಪಕ್ಕದ ಮನೆಯ ಎಮ್ಮೆಗೆ ಹಾಕುತ್ತಿದ್ದೆ. ನನಗೆ ಬೇಕಾದದ್ದನ್ನು ಎಮ್ಮೆ ತಿಂದು ಮಿರಿಮಿರಿ ಮಿಂಚುತ್ತಿತ್ತು. ಹೊಟ್ಟಿರುವ ರೊಟ್ಟಿಯ ಅಂಚು ಬಿರಿಯುತ್ತದೆ, ಎಸರು ಚೆನ್ನಾಗಿ ಕುದಿಸಿ ಹಿಟ್ಟು ನಾದದಿದ್ದರೆ ಕೈಗೆ ನಿಲ್ಲುವುದಿಲ್ಲ. ಅದನ್ನು ಗೆದ್ದ ದಿನ ನಾನು ಎಲ್ಲರಿಗೂ ತೋರಿಸಿಕೊಂಡು ಬಂದೆ. ಶುಗರಿನ ಗಿರಾಕಿಗಳು ಈಗ ಅದನ್ನೇ ಕೇಳುತ್ತಾರೆ. ಎಮ್ಮೆಯ ಮನೆಯವರು ಮಾತ್ರ ಸ್ವಲ್ಪ ದಿನ ಮುಖ ಗಂಟು ಹಾಕಿಕೊಂಡಿದ್ದರು.

ಮನೆಯವರು ದಿನಾ ಬೆಳಗ್ಗೆ ಎರಡು ಲೋಟ ನೀರು ತಂದು ನನ್ನ ಮುಂದೆ ಇಡುತ್ತಿದ್ದರು. ಒಂದು ಉಗುರುಬೆಚ್ಚಗಿನದು, ಒಂದು ಕೊಡದ ತಣ್ಣೀರು. ಕಣ್ಣು ಮುಚ್ಚಿಸಿ ಬೆರಳು ಅದ್ದಿಸಿ, "ಯಾವ್ದು ಬೆಚ್ಚಗದ?" ಎಂದು ಕೇಳುವುದು. ತಿಂಗಳುಗಟ್ಟಲೆ ನಾನು ಸುಮ್ಮನೆ ಊಹೆ ಹೊಡೆದೆ. ಸರಿ ಬಂದರೂ ಅವರು, "ಅಂದಾಜು ಹೊಡದಿ" ಎಂದು ಲೋಟ ಎತ್ತಿಕೊಂಡು ಹೋಗುತ್ತಿದ್ದರು. ಮಳೆಗಾಲ ಕಳೆಯುವಾಗ ಸಕ್ಕರೆ ಹಿಡಿತಕ್ಕೆ ಬಂತು. ಡಾಕ್ಟರು ಕಾಗದ ನೋಡಿ, "ಬುಟ್ಟಿ ಈಗ ಹೆಂಗದ್ರಿ?" ಎಂದು ನಕ್ಕರು. ಆದರೆ ಬೆರಳುಗಳು ಬಾಯಿ ಬಿಡಲಿಲ್ಲ. ಬರುವುದಿಲ್ಲ ಬಿಡು ಎಂದು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆ. ಬಡಿಯುವ ಕೈಯಾದರೂ ಉಳಿದಿದೆ, ಎದೆ ಬಡಿಯುತ್ತಿದೆ, ಸಾಕಲ್ಲ ಎಂದುಕೊಳ್ಳುತ್ತಿದ್ದೆ. ಸಾಕಾಗುತ್ತಿರಲಿಲ್ಲ.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ನಾಡಿನ ದೊಡ್ಡ ಹಬ್ಬ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಹತ್ತು ನಮೂನೆ ಕಾಳು ಸೊಪ್ಪು ಹಾಕಿದ ಭಜ್ಜಿ ಉಣ್ಣುವ ಹಬ್ಬ. ಡಾಕ್ಟರು ಹೇಳಿದ ಊಟವನ್ನೇ ನಮ್ಮ ಹಿರಿಯರು ಹಬ್ಬ ಮಾಡಿಟ್ಟಿದ್ದಾರೆ, ನಾವು ವರ್ಷಕ್ಕೊಂದು ದಿನಕ್ಕೆ ನಿಲ್ಲಿಸಿಬಿಟ್ಟಿದ್ದೇವೆ. ಅಂಗಡಿಯ ಮುಂದೆ ಬುಟ್ಟಿ ಹಿಡಿದವರ ಗದ್ದಲ. ಭೀಮಬಾಯಿ ಹಂಚಿನ ಮುಂದೆ, ನಾನು ರೊಟ್ಟಿ ಬಡಿಯುವ ಕಲ್ಲಿನ ಮುಂದೆ.

ಯಾರೋ ಅವಸರ ಮಾಡಿದರೆಂದು ಭೀಮಬಾಯಿ ಬುಟ್ಟಿ ಕೊಡಲು ಬಾಗಿಲಿಗೆ ಎದ್ದು ಹೋದಳು. ಹಂಚಿನ ಮೇಲೆ ಸಜ್ಜಿ ರೊಟ್ಟಿ ಇತ್ತು. ಅಂಚು ಕಪ್ಪಾಗತೊಡಗಿತು. ಚಿಮಟ ಅವಳ ಕೈಯಲ್ಲೇ ಹೋಗಿತ್ತು. ನಾನು ಯೋಚಿಸಲಿಲ್ಲ. ಅಷ್ಟು ವರ್ಷದ ರೂಢಿ, ಕೈ ತಾನೇ ಹೋಗಿ ರೊಟ್ಟಿ ಎತ್ತಿತು.

"ಹಾಯ್!"

ರೊಟ್ಟಿ ನೆಲಕ್ಕೆ ಬಿತ್ತು. ಕೈ ಹಿಂದಕ್ಕೆ ಎಳೆದುಕೊಂಡಿದ್ದೆ, ನಾನು ಎಳೆದುಕೊಂಡದ್ದಲ್ಲ, ಅದೇ ಹಾರಿ ಬಂದಿತ್ತು. ಹೆಬ್ಬೆರಳು, ನಡುಬೆರಳು ಧಗಧಗ ಅನ್ನುತ್ತಿದ್ದವು. ಹಳೆಯ ಗಾಯದ ತೋರುಬೆರಳು ಮಾತ್ರ ಸುಮ್ಮನಿತ್ತು, ಇವತ್ತಿಗೂ ಸುಮ್ಮನೇ ಇದೆ. ಭೀಮಬಾಯಿ ಓಡಿಬಂದು ನನ್ನ ಕೈಯನ್ನು ಬಕೆಟ್ಟಿಗೆ ಅದ್ದಿದಳು.

"ಅಯ್ಯ ಅಕ್ಕಾ, ಮತ್ತ ಸುಟ್ಕೊಂಡ್ರಲ್ರಿ! ಡಾಕ್ಟರ ಏನು ಹೇಳಿದ್ರು, ನೀವು ಏನು ಮಾಡಿದ್ರಿ!"

"ಉರಿಯಾಕತ್ತದ ಭೀಮಬಾಯಿ! ಉರಿಯಾಕತ್ತದ! ನೀರು ತಣ್ಣಗದ, ನೀರೂ ಗೊತ್ತಾಗಾಕತ್ತದ!"

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕಿರುಚಿದಳು. ಬಾಗಿಲಲ್ಲಿದ್ದವರು ಬುಟ್ಟಿ ಬಿಟ್ಟು ಒಳಗೆ ನುಗ್ಗಿದರು. ಕೈ ಸುಟ್ಟುಕೊಂಡು ನಗುವವಳನ್ನು ಅವರು ಯಾವತ್ತೂ ಕಂಡಿರಲಿಲ್ಲ. ನಾನು ಅಳುತ್ತಲೂ ಇದ್ದೆ ಅಂತ ಭೀಮಬಾಯಿ ಆಮೇಲೆ ಹೇಳಿದಳು.

ಎಡಗೈಯಲ್ಲಿ ಫೋನು ಹಿಡಿದು ಮನೆಯವರಿಗೆ ಹಚ್ಚಿದೆ. ಆ ಕಡೆ ಮೋಟಾರಿನ ಸದ್ದು.

"ರೀ, ಹಂಚು ಮುಟ್ಟಿದೆ. ಕೈ ಸುಟ್ಟದ್ರಿ."

ಮೋಟಾರು ನಿಂತಿತು. ಅವರ ದನಿ ಬಂತು, ಅವರದೇ ಅಲ್ಲ ಎನ್ನುವಷ್ಟು ಸಣ್ಣದಾಗಿ.

"ಉರಿತದೇನು?"

"ಭಾಳ ರೀ. ಭಾಳ ಉರಿತದ."

"ಛಲೋ ಆತು," ಎಂದರು. "ಹಂಗೇ ನೀರಾಗ ಇಟ್ಕೊಂಡಿರು, ಬರಾಕತ್ತೇನಿ."